ಜಲಸಂಧಿಯ ಮೇಲೊಂದು ಕಂಚಿನ ಕಂಠ

ನಮ್ಮ ಸೋದರತ್ತೆಗೆ ಊರಿನವರಿಟ್ಟ ಹೆಸರು ಕಂಚಕ್ಕ. ಅಜ್ಜ ಅಜ್ಜಿ ಇಟ್ಟ ಹೆಸರು ಬೇರೆ ಇತ್ತು, ಆದರೆ ಬ್ಯಾಂಕಿನವರನ್ನು ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಕಂಚಿನ ಕಂಠ ಎನ್ನುತ್ತಾರಲ್ಲ, ಅಂಥದ್ದು ಆಕೆಯದು. ಹಿತ್ತಲಲ್ಲಿ ನಿಂತು ತಮ್ಮನನ್ನು, ಅಂದರೆ ನನ್ನಪ್ಪನನ್ನು, ಊಟಕ್ಕೆ ಕೂಗಿದರೆ ಮೂರು ಬೀದಿ ಆಚೆಯ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ ಅಪ್ಪ ದಡಕ್ಕನೆ ಎದ್ದು ನಿಲ್ಲುತ್ತಿದ್ದನಂತೆ. ಕ್ಷೌರಿಕ ಕತ್ತಿ ಎತ್ತಿ ಹಿಡಿದು, "ಸ್ವಲ್ಪ ತಡಿಯಪ್ಪಾ, ಕಿವಿ ಉಳಿಸ್ಕೋ" ಎನ್ನುತ್ತಿದ್ದನಂತೆ.

"ಮೆಲ್ಲಗೆ ಮಾತಾಡೇ" ಎಂದು ಅಜ್ಜಿ ಗದರಿದರೆ, "ಮೆಲ್ಲಗೇ ಮಾತಾಡ್ತಿದೀನಲ್ಲಮ್ಮ" ಎನ್ನುವುದು ಅತ್ತೆಯ ಉತ್ತರ. ಅದು ನಿಜವೂ ಹೌದು. ಆಕೆ ಜೋರು ಮಾಡಿದ್ದನ್ನು ನಾನು ಕಂಡಿಲ್ಲ. ಆ ದನಿಯೇ ಹಾಗೆ, ಎತ್ತರಿಸದೆಯೂ ದೂರ ಹೋಗುತ್ತಿತ್ತು.

ಗಂಟಲೇ ಆಕೆಗೆ ಅನ್ನ ಕೊಟ್ಟಿತು. ಓದು ಮುಗಿಸಿದವಳು ಬಂದರಿನ ಕಾವಲು ಗೋಪುರದಲ್ಲಿ ರೇಡಿಯೋ ಕೆಲಸಕ್ಕೆ ಸೇರಿದಳು. ಬಂದು ಹೋಗುವ ಹಡಗುಗಳಿಗೆ ದಾರಿ ಹೇಳುವುದು, ಯಾರು ಮೊದಲು, ಯಾರು ಆಮೇಲೆ ಎಂದು ತಿಳಿಸುವುದು, ಗಾಳಿ ಎಷ್ಟಿದೆ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಸಾರುವುದು. ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಸುತ್ತ ಗಾಜಿನ ಕೋಣೆ, ಎದುರಿಗೆ ಜಲಸಂಧಿ. ಮುಖ ಕಾಣದ ಸಾವಿರಾರು ನಾವಿಕರಿಗೆ ಆಕೆಯ ದನಿಯೇ ನಮ್ಮ ಊರು. ಒಮ್ಮೆ ಆಕೆ ನೆಗಡಿಯೆಂದು ರಜೆ ಹಾಕಿದಾಗ ಸರಕು ಹಡಗಿನ ಕಪ್ತಾನನೊಬ್ಬ, "ಇದೇನು, ನಾನು ಬೇರೆ ಬಂದರಿಗೆ ಬಂದುಬಿಟ್ಟೆನಾ?" ಎಂದು ಕೇಳಿದನಂತೆ.

ನಮ್ಮ ಜಲಸಂಧಿಯ ಕಥೆ ಇಷ್ಟು. ಈ ದಡದಲ್ಲಿ ನಾವು. ಬೆಳಗು ತಿಳಿಯಾಗಿದ್ದರೆ ಕಣ್ಣಿಗೆ ಕಾಣುವ ಆ ದಡದಲ್ಲಿ ಇನ್ನೊಂದು ದೇಶ. ಅವರ ಮಾತೂ ನಮ್ಮದೇ, ಸ್ವಲ್ಪ ಎಳೆದೆಳೆದು ಆಡುತ್ತಾರೆ, ಅಷ್ಟೇ. ಜಲಸಂಧಿಯ ಬಾಯಲ್ಲಿ ಚೆಲ್ಲಿದ ಹಾಗೆ ದ್ವೀಪಗಳು. ಅವರದು ಮೂರನೆಯ ದೇಶ. ಮೂವರಿಗೂ ಮೀನಿನ ಜಗಳ, ಗಡಿಯ ಜಗಳ, ಬಂಡೆಯ ಮೇಲಿನ ದೀಪ ಯಾರದೆಂಬ ಜಗಳ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಬಾಳು. ಆದರೂ ಹೊಡೆದಾಟ ಆಗದೆ ಇದ್ದದ್ದು ದೂರದ ಸಾಗರದಾಚೆಯ ದೊಡ್ಡ ದೇಶವೊಂದು ನಮ್ಮ ಬಂದರಿನಲ್ಲಿ ನೌಕಾನೆಲೆ ಇಟ್ಟುಕೊಂಡಿದ್ದರಿಂದ. ದೊಡ್ಡಣ್ಣ ಹಜಾರದಲ್ಲಿ ಕೂತಿದ್ದರೆ ಚಿಕ್ಕವರು ಕೈ ಮಾಡುವುದಿಲ್ಲ ನೋಡಿ.

ಆ ಜಗಳದ ಏಟು ನಮ್ಮ ಮನೆಗೂ ಬಿದ್ದಿತ್ತು. ಅಜ್ಜನಿಗೆ ಪ್ರಾಯದಲ್ಲಿ ಸ್ವಂತ ದೋಣಿ ಇತ್ತು. ಒಂದು ದಿನ ಎಂಜಿನ್ನು ಕೆಟ್ಟು, ದೋಣಿ ಸೆಳವಿಗೆ ಸಿಕ್ಕಿ ಗಡಿ ದಾಟಿತು. ಆಚೆ ದಡದ ಗಸ್ತಿನವರು ಅಜ್ಜನನ್ನು ಹಿಡಿದರು. ತಿಂಗಳುಗಟ್ಟಲೆ ಕೂಡಿಹಾಕಿ, ಆಮೇಲೆ ಅಜ್ಜನನ್ನು ಮಾತ್ರ ಕಳಿಸಿದರು. ದೋಣಿ ಬರಲಿಲ್ಲ. ಅಂದಿನಿಂದ ಅಜ್ಜ ಬಂದರಿನ ಟಗ್ಗಿನಲ್ಲಿ, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ಪುಟ್ಟ ಹಡಗಿನಲ್ಲಿ, ಎಂಜಿನ್ ನೋಡಿಕೊಳ್ಳುವ ಸಂಬಳದಾಳಾದ. ತಟ್ಟೆಯಲ್ಲಿ ಉಪ್ಪು ಕಡಿಮೆಯಾದರೆ, "ಇದೇನು, ಆಚೆ ದಡದ ಉಪ್ಪಾ? ಅವರ ಉಪ್ಪೂ ಸಪ್ಪೆ" ಎನ್ನುತ್ತಿದ್ದ.

ನಾನು ಕಾಲೇಜಿಗೆ ಸೇರುವ ಹೊತ್ತಿಗೆ ದೊಡ್ಡಣ್ಣ ಗಂಟುಮೂಟೆ ಕಟ್ಟಿದ. ಅವರ ದೇಶದಲ್ಲಿ ಹೊಸ ಸರಕಾರ ಬಂದಿತ್ತು. ದೂರದ ನೀರಿಗೆ ಖರ್ಚು ಮಾಡಿದ್ದು ಸಾಕು ಎಂದಿತ್ತು. ನೆಲೆಯ ಗೇಟಿಗೆ ಬೀಗ ಬಿತ್ತು. ಅಲ್ಲಿ ಬೆಸುಗೆ ಕೆಲಸ ಮಾಡುತ್ತಿದ್ದ ನಮ್ಮ ಮಾವ, ಅತ್ತೆಯ ಗಂಡ, ಹೆಗಲ ಮೇಲೆ ಉಪಕರಣದ ಪೆಟ್ಟಿಗೆ ಹೊತ್ತು ಮನೆಗೆ ಬಂದು, "ನಾಳೆಯಿಂದ ನಿನ್ನ ಗಂಟಲೇ ಸಂಸಾರಕ್ಕೆ ದಿಕ್ಕು ಕಣೇ" ಎಂದ. ಆಮೇಲೆ ಮೀನುದೋಣಿ ರಿಪೇರಿಯ ಅಂಗಳದಲ್ಲಿ ಕೆಲಸ ಸಿಕ್ಕಿತು, ಅದು ಬೇರೆ ಮಾತು.

ದೊಡ್ಡಣ್ಣ ಹೋದ ಮೇಲೆ ಬಡಗಣ ದಿಕ್ಕಿನಿಂದ ಬೂದು ಹಡಗುಗಳು ಬರತೊಡಗಿದವು. ಬಡಗಣದ್ದೂ ದೊಡ್ಡ ದೇಶವೇ. ಮೊದಮೊದಲು ಹಾದು ಹೋಗುತ್ತಿದ್ದವು. ಆಮೇಲೆ ನಿಲ್ಲತೊಡಗಿದವು. ಆಮೇಲೆ ನಮ್ಮ ಮೀನುಗಾರರಿಗೆ, "ಇಲ್ಲಿಂದ ಸರಿಯಿರಿ" ಎನ್ನತೊಡಗಿದವು. ದ್ವೀಪದವರ ಬಲೆ ಹರಿಯಿತು, ಆಚೆ ದಡದವರ ದೋಣಿಯ ಮೇಲೆ ಬೂದು ಹಡಗಿನವರು ಕೊಳವೆಯಿಂದ ನೀರು ಹಾಯಿಸಿದರು. ಮೂವರೂ ಒಬ್ಬೊಬ್ಬರೇ ಆಕ್ಷೇಪಿಸಿದರು. ಬಡಗಣದವರು ಒಬ್ಬೊಬ್ಬರಿಗೇ ನಯವಾಗಿ ಉತ್ತರ ಕೊಟ್ಟರು, ಹಡಗು ಮಾತ್ರ ತೆಗೆಯಲಿಲ್ಲ.

ಆಗ ಮೂರೂ ಸರಕಾರಗಳು ಮಾತಿಗೆ ಕೂತವು. ಬಹಳ ಕಾಲ ಕೂತವು. ಕೊನೆಗೆ ಒಪ್ಪಂದವಾಯಿತು: ಮೂರೂ ದೇಶದವರು ಸೇರಿ ಜಲಸಂಧಿಯನ್ನು ಕಾಯುವುದು, ಒಬ್ಬರ ಕಣ್ಣಿಗೆ ಬಿದ್ದದ್ದನ್ನು ಇನ್ನಿಬ್ಬರಿಗೆ ತಿಳಿಸುವುದು, ಆಪತ್ತಿನಲ್ಲಿ ಯಾರು ಹತ್ತಿರವೋ ಅವರು ಓಡುವುದು. ಅದಕ್ಕೊಂದು ಜಂಟಿ ಕಾವಲು ಕೋಣೆ. ನಮ್ಮ ಬಂದರು ಮಧ್ಯದಲ್ಲಿರುವುದರಿಂದ ಅದು ನಮ್ಮಲ್ಲೇ. ನಮ್ಮ ಪರವಾಗಿ ರೇಡಿಯೋದಲ್ಲಿ ಕೂರುವವರು ಯಾರು ಎಂದಾಗ ಬಂದರಿನ ದೊಡ್ಡ ಅಧಿಕಾರಿ ಯೋಚನೆ ಮಾಡಲೂ ಇಲ್ಲ, "ಕಂಚಕ್ಕನ್ನ ಕರೀರಿ" ಎಂದರು.

ಮನೆಯಲ್ಲಿ ಬಾಂಬು ಬಿದ್ದ ಹಾಗಾಯಿತು.

"ನನ್ನ ಕೂಡಿಹಾಕಿದವರ ಪಕ್ಕ ಕೂತು ಚಹಾ ಕುಡೀತೀಯಾ?" ಎಂದ ಅಜ್ಜ.

"ನಿನ್ನ ಕೂಡಿಹಾಕಿದವರು ಈಗ ಅಲ್ಲಿ ಪಿಂಚಣಿ ತಗೊಂಡು ಮನೇಲಿ ಕೆಮ್ತಾ ಕೂತಿರ್ತಾರಪ್ಪ. ಬರೋರು ಬೇರೆ ಹುಡುಗರು."

"ಹಾವಿನ ಮರಿ ಹಾವೇ."

"ಹಾಗಾದ್ರೆ ನಿನ್ನ ಮಗಳು ನಾನು. ನನಗೂ ಕಚ್ಚೋಕೆ ಬರುತ್ತೆ. ಹೆದರಬೇಡ."

ಅಜ್ಜ ಅವತ್ತು ಊಟಕ್ಕೆ ಏಳಲಿಲ್ಲ. ಅತ್ತೆ ಕರೆಯಲೂ ಇಲ್ಲ. ತಟ್ಟೆ ಮುಚ್ಚಿಟ್ಟು ಮಲಗಿದಳು. ಬೆಳಗ್ಗೆ ತಟ್ಟೆ ಖಾಲಿಯಾಗಿತ್ತು.

ಜಂಟಿ ಕೋಣೆಯೆಂದರೆ ಹಳೆಯ ಸುಂಕದ ಕಚೇರಿಯ ಮೇಲಂತಸ್ತು. ಗೋಡೆಗೆ ಹೊಸ ಬಣ್ಣ, ಮೂರು ಮೇಜು, ಜಲಸಂಧಿಯ ನಕಾಶೆ ಮೂಡುವ ದೊಡ್ಡ ಪರದೆ. ಆಚೆ ದಡದಿಂದ ಬಂದವನು ಒಬ್ಬ ಲೆಫ್ಟಿನೆಂಟ್; ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಉದ್ದ, ಒಣಕಲು. ಚಹಾ ತರುವಾಕೆ ಮೊದಲ ದಿನವೇ ಲೈಟುಕಂಬ ಎಂದು ಹೆಸರಿಟ್ಟಳು. ದ್ವೀಪದಿಂದ ಬಂದವನು ಸರಕು ಹಡಗಿನ ಕಪ್ತಾನನಾಗಿ ನಿವೃತ್ತನಾದ ದಪ್ಪ ಮನುಷ್ಯ. ಎಲ್ಲರನ್ನೂ "ಏನಮ್ಮ, ಏನಪ್ಪ" ಎಂದೇ ಮಾತಾಡಿಸುತ್ತಿದ್ದ. ಆತ ದ್ವೀಪದ ಮಾಮ ಆದ.

ಮೊದಲ ವಾರವೆಲ್ಲ ಸಣ್ಣಪುಟ್ಟ ಕಿತ್ತಾಟ. ಗೋಡೆಯ ಗಡಿಯಾರ ಯಾವ ದೇಶದ ಹೊತ್ತು ತೋರಿಸಬೇಕು? ದ್ವೀಪದವರದು ನಮಗಿಂತ ಅರ್ಧ ಗಂಟೆ ಮುಂದೆ. ಕೊನೆಗೆ ಮೂರು ಗಡಿಯಾರ ಬಂದವು. ನಕಾಶೆಯಲ್ಲಿ ಒಂದು ಬಂಡೆಸಾಲಿಗೆ ಮೂರು ಹೆಸರು. ಒಬ್ಬರ ಹೆಸರನ್ನು ಇನ್ನೊಬ್ಬರು ಒಪ್ಪರು. "ಆಪತ್ತಿನಲ್ಲಿರೋನಿಗೆ ಬಂಡೆ ಹೆಸರು ಬೇಕಾಗಿಲ್ಲ ಕಣಮ್ಮ, ಎಷ್ಟು ದೂರ ಅಂತ ಬೇಕು" ಎಂದ ಮಾಮ. ಅಲ್ಲಿಂದ ಅದು ಬರೀ "ಸಾಲು" ಆಯಿತು.

ಇವರ ಮೇಲೆ ನಮ್ಮ ವಿದೇಶಾಂಗ ಇಲಾಖೆಯ ಒಬ್ಬ ಹೆಣ್ಣುಮಗಳಿದ್ದರು. ಒಪ್ಪಂದದ ಮಾತುಕತೆ ನಡೆಸಿದವರೇ ಆಕೆ. ಎಲ್ಲರೂ ರಾಯಭಾರಿ ಮೇಡಂ ಎನ್ನುತ್ತಿದ್ದರು. ಗಿಡ್ಡ, ಬಿಳಿ ಕೂದಲು, ಕ್ಯಾನ್‌ವಾಸ್ ಬೂಟು. ಅತ್ತೆಗೆ ಮೊದಲು ಅವರ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಒಂದು ಮಧ್ಯಾಹ್ನ ಮನಸ್ಸಿನಲ್ಲಿದ್ದುದನ್ನು ಆಡಿಯೇಬಿಟ್ಟಳು.

"ಮೇಡಂ, ತಪ್ಪು ತಿಳೀಬೇಡಿ. ಒಂದು ಪದಕ್ಕೆ ಎರಡು ವರ್ಷ ಜಗ್ಗಾಡಿದ್ರಂತೆ. ಅಷ್ಟರಲ್ಲಿ ನಾವು ಎರಡು ಸಾವಿರ ಹಡಗು ದಾಟಿಸ್ತಿದ್ವಿ."

ಮೇಡಂ ನಕ್ಕರು. "ಯಾವ ಪದ ಅಂತ ಗೊತ್ತಾ? ಮೊದಲಿನ ಕರಡಿನಲ್ಲಿ, ನಿಮ್ಮ ನೀರಿಗೆ ನಾವು ಬರೋಕೆ ಅನುಮತಿ ಕೇಳಬೇಕು ಅಂತಿತ್ತು. ನಾನು ಅದನ್ನ ಅಳಿಸಿ, ತಿಳಿಸಬೇಕು ಅಂತ ಮಾಡಿಸಿದೆ. ಅಷ್ಟೇ."

"ಎರಡಕ್ಕೂ ಏನು ವ್ಯತ್ಯಾಸ?"

"ಅನುಮತಿ ಕೇಳಿದೋನು ಉತ್ತರ ಬರೋವರೆಗೂ ಗೆರೆ ಹತ್ರ ನಿಂತಿರಬೇಕು. ತಿಳಿಸೋನು ಬರ್ತಾ ಬರ್ತಾನೇ ತಿಳಿಸಬಹುದು. ಮುಳುಗ್ತಿರೋನಿಗೆ ಈ ವ್ಯತ್ಯಾಸ ಕೇಳಿ ನೋಡಿ."

ಅತ್ತೆ ಮನೆಗೆ ಬಂದು ನನಗೆ, "ಆ ಹೆಂಗಸು ಗಟ್ಟಿ ಕಣೇ. ನಾನು ಗಂಟಲಲ್ಲಿ ಮಾಡೋದನ್ನ ಆಕೆ ಒಂದು ಗೀಟಲ್ಲಿ ಮಾಡಿದಾಳೆ" ಎಂದಳು. ಆ ಮಾತು ಅಜ್ಜನಿಗೂ ಕೇಳಿಸಿತ್ತು. ಆತ ಪಕ್ಕಕ್ಕೆ ಹೊರಳಿದ.

ಮೊದಲ ಜಂಟಿ ತಾಲೀಮಿನ ದಿನ ಬಂತು. ಹಡಗಿಗೆ ಬೆಂಕಿ ಬಿದ್ದಿದೆ ಎಂಬ ನಾಟಕ. ಮೂರೂ ದೇಶದ ಹಡಗುಗಳು ತೆಂಕಣ ಬಾಯಲ್ಲಿ ಸೇರಿ ಅದನ್ನು ಆರಿಸಬೇಕು. ನೋಡಲು ಮೂರೂ ರಾಜಧಾನಿಗಳಿಂದ ದೊಡ್ಡವರು ಬಂದು ಕೋಣೆಯ ಹಿಂದಿನ ಸಾಲಿನಲ್ಲಿ ಕೂತಿದ್ದರು. ನನಗೆ ಅಂದು ಕಾಲೇಜಿಗೆ ರಜೆ. ಅಜ್ಜ ತನ್ನ ಹಳೆಯ ರೇಡಿಯೋ ಪೆಟ್ಟಿಗೆಯನ್ನು ವರಾಂಡದಲ್ಲಿಟ್ಟು ಕಿವಿ ತಿರುಪುತ್ತಿದ್ದ. ಹಡಗುಗಳ ಮಾತು ಅದರಲ್ಲಿ ಸಿಕ್ಕುತ್ತಿತ್ತು. "ಹವಾಮಾನ ಕೇಳೋಕೆ" ಎಂದ. ಹವಾಮಾನಕ್ಕೆ ನಮ್ಮಲ್ಲಿ ಟೀವಿಯೂ ಇತ್ತು, ನಾನು ಕೆದಕಲಿಲ್ಲ.

ತಾಲೀಮು ಅರ್ಧಕ್ಕೆ ಬಂದಿರಬಹುದು, ತುರ್ತು ಚಾನೆಲ್ಲಿನಲ್ಲಿ ಒಂದು ಕೂಗು ಬಂತು. ನಾಟಕದ ಕೂಗಲ್ಲ. ನಾಟಕದವರು ಅಷ್ಟು ತೊದಲುವುದಿಲ್ಲ.

ನಮ್ಮ ಊರಿನ ಮಾರುಕಟ್ಟೆ ಮುಗಿಸಿಕೊಂಡು ದ್ವೀಪಕ್ಕೆ ಹಿಂದಿರುಗುತ್ತಿದ್ದ ಪ್ರಯಾಣಿಕರ ಲಾಂಚು ಅದು. ಎಂಜಿನ್ನು ನಿಂತಿದೆ, ತುಂಬ ಜನ, ಹೆಂಗಸರು, ಮಕ್ಕಳು, ಕೋಳಿಬುಟ್ಟಿಗಳು. ಇಳಿತದ ಸೆಳವು ಸೀದಾ ಬಂಡೆಸಾಲಿನ ಕಡೆಗೆ ಒಯ್ಯುತ್ತಿದೆ. ಗಡಿಯಿಂದ ಈಚೆ, ನಮ್ಮ ನೀರಿನಲ್ಲೇ. ಆದರೆ ನಮ್ಮ ಗಸ್ತುಹಡಗುಗಳೆಲ್ಲ ತಾಲೀಮಿಗೆಂದು ತೆಂಕಣಕ್ಕೆ ಹೋಗಿದ್ದವು. ಬಂದರಿನಲ್ಲಿದ್ದ ಟಗ್ಗು ಹೊರಟಿತು, ಅದು ಆಮೆ. ಹತ್ತಿರವಿದ್ದದ್ದು ಎರಡೇ. ಗೆರೆಯಾಚೆ ನಿಂತಿದ್ದ ಆಚೆ ದಡದ ಒಂದು ಗಸ್ತುಹಡಗು, ಮತ್ತು ತಾಲೀಮನ್ನು ಇಣುಕಿ ನೋಡಲೆಂದು ಬಂದು ನಿಂತಿದ್ದ ಬಡಗಣದ ಬೂದು ಹಡಗು.

ವರಾಂಡದಲ್ಲಿ ನಾನು, ಅಜ್ಜ ಪೆಟ್ಟಿಗೆಗೆ ಕಿವಿಗೊಟ್ಟು ಕೂತೆವು. ರೇಡಿಯೋದಲ್ಲಿ ಕೇಳದ ಕೋಣೆಯೊಳಗಿನ ಮಾತನ್ನು ಆಮೇಲೆ ದ್ವೀಪದ ಮಾಮ ನನಗೆ ಬಣ್ಣ ಕಟ್ಟಿ ಹೇಳಿದ. ಅತ್ತೆ ಆ ಬಣ್ಣ ಸ್ವಲ್ಪ ತೊಳೆದಳು.

ಮೊದಲು ಬೂದು ಹಡಗೇ ಮಾತಾಡಿತು. "ರಕ್ಷಣೆಯ ಹೊಣೆ ನಮ್ಮದು. ಉಳಿದ ಎಲ್ಲ ಹಡಗುಗಳೂ ಈ ಪ್ರದೇಶದಿಂದ ದೂರ ನಿಲ್ಲಬೇಕು."

ಕಾಪಾಡುತ್ತೇನೆ ಎಂದವನನ್ನು ಬೇಡ ಎನ್ನುವುದು ಹೇಗೆ? ಆದರೆ ಇಂದು "ಎಲ್ಲರೂ ದೂರ ನಿಲ್ಲಿ" ಎಂದವನ ಮಾತು ನಡೆದರೆ ನಾಳೆ ಜಲಸಂಧಿಯ ಯಜಮಾನ ಅವನೇ. ಅದೂ ಅಲ್ಲದೆ ಬೂದು ಹಡಗು ದೊಡ್ಡದು. ಬಂಡೆಸಾಲಿನ ಹತ್ತಿರದ ಆಳವಿಲ್ಲದ ನೀರಿಗೆ ಅದು ಬರಲಾರದು. ದೂರ ನಿಂತು ಸಣ್ಣ ದೋಣಿ ಇಳಿಸುವಷ್ಟರಲ್ಲಿ ಕೆಲಸ ಕೆಟ್ಟಿರುತ್ತಿತ್ತು.

ಅತ್ತೆ ಲೈಟುಕಂಬನ ಕಡೆ ತಿರುಗಿದಳು. ಆತ ಕಿವಿಗೆ ಫೋನು ಒತ್ತಿಕೊಂಡು ನಿಂತಿದ್ದ.

"ಲೆಫ್ಟಿನೆಂಟ್, ನನಗೆ ತಿಳಿಸಿ."

"ನಮ್ಮ ಕೇಂದ್ರದಿಂದ ಇನ್ನೂ ಉತ್ತರ ಬಂದಿಲ್ಲ ಅಕ್ಕಾ. ನಿಮ್ಮ ನೀರು ಅದು. ಹಿಂದೆ ಯಾವತ್ತೂ..."

"ಉತ್ತರ ಯಾರು ಕೇಳಿದ್ರು? ಒಪ್ಪಂದದಲ್ಲಿ ಕೇಳಿ ಅಂತ ಇಲ್ಲ, ತಿಳಿಸಿ ಅಂತಿದೆ. ನಾನಿಲ್ಲೇ ಕೂತಿದೀನಿ, ತಿಳಿಸಿ."

ಆತ ಫೋನು ಕೆಳಗಿಟ್ಟ. ಅದು ಅವನ ನೌಕರಿಯನ್ನೇ ಕೆಳಗಿಟ್ಟ ಹಾಗಿತ್ತು ಎಂದು ಮಾಮ ಹೇಳುತ್ತಾನೆ. ಆಮೇಲೆ ಲೆಫ್ಟಿನೆಂಟ್ ಅತ್ತೆಯ ಕಡೆ ತಿರುಗಿದ. "ಜೀವ ಉಳಿಸೋದಕ್ಕೆ ನಮ್ಮ ಗಸ್ತುಹಡಗು ನಿಮ್ಮ ನೀರಿಗೆ ಬರ್ತಿದೆ. ನಿಮಗೆ ತಿಳಿಸ್ತಿದೀನಿ."

"ತಿಳಿಯಿತು. ಬರಲಿ."

ಇಷ್ಟು ಹೇಳಿ ಅತ್ತೆ ತುರ್ತು ಚಾನೆಲ್ಲಿನ ಗುಂಡಿ ಒತ್ತಿದಳು. ನಮ್ಮ ವರಾಂಡದ ಪೆಟ್ಟಿಗೆಯಿಂದ ಆಕೆಯ ದನಿ ಹೊರಟಿತು. ಬೀದಿಯಲ್ಲಿ ಹೋಗುತ್ತಿದ್ದ ತರಕಾರಿಯವಳು ಗಾಡಿ ನಿಲ್ಲಿಸಿದಳು.

"ಬಡಗಣದ ಹಡಗಿಗೆ ಜಂಟಿ ಕಾವಲು ಕೋಣೆಯಿಂದ ನಮಸ್ಕಾರ. ನಿಮ್ಮ ಕಾಳಜಿಗೆ ಧನ್ಯವಾದ. ರಕ್ಷಣೆ ಶುರುವಾಗಿದೆ. ಮೂರು ದೇಶಗಳ ಪರವಾಗಿ ಹಡಗುಗಳು ಹೊರಟಿವೆ. ಅವುಗಳ ದಾರಿ ತೆರವಾಗಿರಲಿ. ನೀವು ಈಗಿರುವ ಜಾಗದಲ್ಲೇ ನಿಂತು ವೇಗ ತಗ್ಗಿಸಿದರೆ ಲಾಂಚಿಗೆ ಅಲೆಯ ಹೊಡೆತ ತಪ್ಪುತ್ತದೆ. ಅದೇ ದೊಡ್ಡ ಸಹಾಯ."

ಬಡಗಣದವನು ಮತ್ತೊಮ್ಮೆ ಅದೇ ಪಾಠ ಒಪ್ಪಿಸಿದ. ಅತ್ತೆ ಮತ್ತೊಮ್ಮೆ ಅದನ್ನೇ ಹೇಳಿದಳು, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಮೂರನೇ ಸಲ ಆತ ಹೇಳಲಿಲ್ಲ. ಬೂದು ಹಡಗು ವೇಗ ತಗ್ಗಿಸಿ ನಿಂತಿತು.

ಇತ್ತ ದ್ವೀಪದ ಮಾಮ ಲಾಂಚಿನ ಚಾಲಕನನ್ನು ಮಾತಿನಲ್ಲೇ ಹಿಡಿದುಕೊಂಡಿದ್ದ. "ಏನಪ್ಪ, ಲಂಗರು ಬಿಟ್ಟೆಯಾ? ಬಿಡು. ಜಾರುತ್ತೆ, ಗೊತ್ತು, ಜಾರಲಿ. ಜಾರಿದಷ್ಟೂ ನಿಧಾನ ಆಗುತ್ತೆ. ಜನರನ್ನ ಒಂದೇ ಕಡೆ ಸೇರಿಸ್ಬೇಡ. ಕೋಳಿ ಕೂಗಿದ್ರೆ ಕೂಗಲಿ, ನೀನು ಕೂಗ್ಬೇಡ."

ಆಗ ಹೊಸದೊಂದು ದನಿ ಕೇಳಿತು. ಮಾತನ್ನು ಸ್ವಲ್ಪ ಎಳೆಯುವ ದನಿ. "ಲಾಂಚಿನವರೇ, ನಾವು ಆಚೆ ದಡದ ಗಸ್ತುಹಡಗು. ನಿಮ್ಮನ್ನ ನೋಡ್ತಿದೀವಿ. ಬರ್ತಾ ಇದೀವಿ."

ಅಜ್ಜ ಪೆಟ್ಟಿಗೆಯನ್ನೇ ದಿಟ್ಟಿಸಿದ. ಆಮೇಲೆ ಎದ್ದು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. "ಎಲ್ಲಿಗಜ್ಜ?" ಎಂದೆ. "ಕಟ್ಟೆ ಹತ್ರ" ಎಂದ. ನಾನೂ ಬಾಗಿಲಿಗೆ ಬೀಗ ಜಡಿದು ಹಿಂದೆ ಓಡಿದೆ. ಪೆಟ್ಟಿಗೆಯನ್ನು ಆರಿಸುವುದು ಮರೆತಿದ್ದರಿಂದ ಖಾಲಿ ವರಾಂಡದಲ್ಲಿ ಅತ್ತೆಯ ದನಿ ಮಾತಾಡುತ್ತಲೇ ಇತ್ತು.

ಮೊದಲು ಎಸೆದ ಹಗ್ಗ ಲಾಂಚಿನವರ ಕೈಗೆ ಸಿಗಲಿಲ್ಲ. ಎರಡನೆಯದು ಸಿಕ್ಕಿತು. ಬಂಡೆಯ ನೊರೆ ಕಾಣುವಷ್ಟು ಹತ್ತಿರದಲ್ಲಿ ಲಾಂಚು ನಿಂತು, ನಿಧಾನವಾಗಿ ತಿರುಗಿ, ಆಚೆ ದಡದವರ ಹಿಂದೆ ಹೊರಟಿತು. ಅಷ್ಟರಲ್ಲಿ ನಮ್ಮ ಆಮೆಯೂ ತಲುಪಿ ಇನ್ನೊಂದು ಹಗ್ಗ ಹಿಡಿಯಿತು.

ಜಂಟಿ ಕೋಣೆಯಲ್ಲಿ ಆಗ ಇನ್ನೊಂದು ಬಿರುಗಾಳಿ. ನಮ್ಮ ರಾಜಧಾನಿಯ ನೌಕಾದಳದ ಕಮಾಂಡರನೊಬ್ಬ ಫೋನಿನಲ್ಲಿ ಗುಡುಗುತ್ತಿದ್ದ: "ಆಚೆ ದಡದ ಹಡಗನ್ನ ನಮ್ಮ ನೀರಿಗೆ ಬಿಟ್ಟೋರು ಯಾರು? ನನ್ನ ಕೇಳಿದ್ರಾ?"

"ಕೇಳಬೇಕಾಗಿರಲಿಲ್ಲ ಸಾರ್" ಎಂದಳು ಅತ್ತೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಪುಟ್ಟ ಕೈ ಬಂದು ಫೋನು ತೆಗೆದುಕೊಂಡಿತು.

"ನೀವು ಹಡಗು ನೋಡ್ಕೊಳ್ಳಿ. ಇದು ನನ್ನ ಹಡಗು" ಎಂದರು ರಾಯಭಾರಿ ಮೇಡಂ. ಕಮಾಂಡರನ ಜೊತೆ ಅವರು ಮಾತಾಡಿದ್ದು ಎಷ್ಟು ಮೆಲ್ಲಗೆಂದರೆ ಪಕ್ಕದವರಿಗೂ ಕೇಳಿಸಲಿಲ್ಲ. ಗುಡುಗು ಮಾತ್ರ ನಿಂತಿತು. ಆಮೇಲೆ ಅವರು ತಾಲೀಮು ನೋಡಲು ಬಂದಿದ್ದ ಆಚೆ ದಡದ ಹಿರಿಯ ಅಧಿಕಾರಿಯ ಪಕ್ಕಕ್ಕೆ ಹೋಗಿ ಕೂತು, "ನಿಮ್ಮ ಲೆಫ್ಟಿನೆಂಟ್ ಒಪ್ಪಂದವನ್ನ ಅಕ್ಷರ ಬಿಡದೆ ಪಾಲಿಸಿದ್ದಾರೆ ಅಂತ ನಾನು ನಮ್ಮ ಮಂತ್ರಿಗಳಿಗೆ ಹೇಳೋಳಿದೀನಿ. ನೀವೂ ನಿಮ್ಮವರಿಗೆ ಹೇಳಿದ್ರೆ ಇಬ್ಬರ ಮಾತೂ ಒಂದೇ ಆಗುತ್ತೆ" ಎಂದರು. ಆ ಅಧಿಕಾರಿ ತಲೆಯಾಡಿಸಿದ. ಲೈಟುಕಂಬನ ನೌಕರಿ ಉಳಿದದ್ದು ಆ ಕುರ್ಚಿಯ ಮೇಲೆ.

ಬೂದು ಹಡಗು ಹೊರಡುವ ಮುನ್ನ ಒಮ್ಮೆ ಮಾತಾಡಿತು. ಈ ಸಲ ಬೇರೆ ದನಿ, ಎಳೆಯ ದನಿ. "ಗಾಯಾಳುಗಳಿದ್ದಾರಾ? ನಮ್ಮಲ್ಲಿ ವೈದ್ಯರಿದ್ದಾರೆ." ಅತ್ತೆ, "ಯಾರಿಗೂ ಗಾಯವಾಗಿಲ್ಲ. ಕೇಳಿದ್ದಕ್ಕೆ ಧನ್ಯವಾದ. ನಿಮ್ಮ ದಾರಿ ಸುಖವಾಗಿರಲಿ" ಎಂದಳು. ಆಮೇಲೆ ಮಾಮನಿಗೆ ಹೇಳಿದಳಂತೆ, "ಅದು ಬರೆದುಕೊಟ್ಟ ಮಾತಲ್ಲ. ಆ ಹುಡುಗ ತಾನಾಗಿ ಕೇಳಿದ."

ಕಟ್ಟೆಯಲ್ಲಿ ಊರಿಗೆ ಊರೇ ನೆರೆದಿತ್ತು. ಆಚೆ ದಡದ ಸರಕಾರಿ ಹಡಗೊಂದು ನಮ್ಮ ಕಟ್ಟೆಗೆ ಬಂದದ್ದನ್ನು ಅಲ್ಲಿದ್ದ ಯಾರೂ ತಮ್ಮ ಆಯುಷ್ಯದಲ್ಲಿ ಕಂಡಿರಲಿಲ್ಲ. ಲಾಂಚಿನಿಂದ ಜನ ಇಳಿದರು. ಅಳುವವರು, ನಗುವವರು, ಕೋಳಿ ಎಣಿಸುವವರು. ಗಸ್ತುಹಡಗಿನ ನಾವಿಕನೊಬ್ಬ ಹಗ್ಗ ಎಸೆದ. ಹಿಡಿಯಲು ಯಾರಿಗೂ ಕೈ ಬರಲಿಲ್ಲ, ಎಲ್ಲರೂ ನೋಡುತ್ತಲೇ ನಿಂತರು. ಅಜ್ಜ ಮುಂದೆ ಹೋಗಿ ಹಗ್ಗ ಎತ್ತಿಕೊಂಡು ಕಬ್ಬಿಣದ ಗೂಟಕ್ಕೆ ಸುತ್ತಿದ.

"ಇದೇನಯ್ಯಾ ಹಗ್ಗ, ದನ ಕಟ್ಟೋ ಹಾಗಿದೆ. ಬದಲಾಯಿಸ್ರೋ" ಎಂದ.

"ಕೇಳಿದೀವಿ ತಾತಾ, ನಮ್ಮ ಇಲಾಖೆ ಕೊಡಬೇಕಲ್ಲ" ಎಂದ ಆ ನಾವಿಕ.

"ಇಲಾಖೆ ಎಲ್ಲ ಕಡೆ ಒಂದೇ ಬಿಡು" ಎಂದ ಅಜ್ಜ. ನಾನು ಕಂಡಂತೆ ಆಚೆ ದಡದವರ ಜೊತೆ ಅಜ್ಜ ಆಡಿದ ಮೊದಲ ಮಾತು ಅದು.

ಮುಂದಿನ ಭಾನುವಾರ ಲೈಟುಕಂಬನನ್ನು ಅತ್ತೆ ಊಟಕ್ಕೆ ಕರೆದಳು. ಬಾಗಿಲಿಗೆ ತಲೆ ತಗಲಿಸಿಕೊಂಡು ಒಳಗೆ ಬಂದ. ಊಟದ ನಡುವೆ ಅಜ್ಜ ತನ್ನ ಕಥೆ ಹೇಳಿದ. ದೋಣಿ, ಸೆರೆ, ಅಜ್ಜಿ ಕಾದದ್ದು, ಒಂದೂ ಬಿಡಲಿಲ್ಲ. ಮಾವ ಮಾತು ಮರೆಸಲು ನೋಡಿದ. ಲೆಫ್ಟಿನೆಂಟನೇ ತಡೆದು, "ಹೇಳಲಿ ಬಿಡಿ" ಎಂದ.

"ನಾನದನ್ನ ಮರೆತಿಲ್ಲ" ಎಂದ ಅಜ್ಜ.

"ಮರೀಬೇಡಿ. ನಮ್ಮ ಚಿಕ್ಕಪ್ಪನ್ನ ನಿಮ್ಮೋರು ಹಿಡಿದಿದ್ರು. ಅವರೂ ಮರೆತಿಲ್ಲ. ಇಲ್ಲಿಗೆ ಬರಬೇಡ ಅಂತ ನನ್ನ ಕೈ ಹಿಡಿದು ಜಗ್ಗಿದ್ರು."

ಅಜ್ಜ ಅನ್ನದ ಪಾತ್ರೆ ಅವನ ಕಡೆ ದೂಡಿ, "ತಿನ್ನಯ್ಯ. ಒಣಗಿ ಕಡ್ಡಿಯಾಗಿದೀಯ" ಎಂದ. ಅಷ್ಟೇ. ತಬ್ಬಿಕೊಳ್ಳಲಿಲ್ಲ, ಕಣ್ಣೀರಿಲ್ಲ. ಆದರೆ ಆತ ಹೊರಟಾಗ ಬೀದಿ ತಿರುವಿನವರೆಗೂ ಅಜ್ಜ ಜೊತೆಗೆ ಹೋದ.

ಲಾಂಚಿನ ಸುದ್ದಿ ಮೂರೂ ದೇಶಗಳಲ್ಲಿ ಹಬ್ಬಿತು. ಒಪ್ಪಂದವೆಂದರೆ ಕಾಗದ ಎನ್ನುತ್ತಿದ್ದವರು ಸುಮ್ಮನಾದರು. ಬೂದು ಹಡಗುಗಳು ಬರುವುದು ನಿಲ್ಲಲಿಲ್ಲ, ಈಗಲೂ ಬರುತ್ತವೆ. ಆದರೆ ಮೀನುಗಾರರಿಗೆ "ಸರಿಯಿರಿ" ಎನ್ನುವುದು ನಿಂತಿತು. ಏಕೆಂದರೆ ಅವು ಬಂದಾಗಲೆಲ್ಲ ಮೂರು ಕಡೆಯಿಂದ ಮೂರು ಹಡಗು ಹೋಗಿ, ನಮಸ್ಕಾರ ಹೇಳಿ, ಪಕ್ಕದಲ್ಲಿ ನಿಲ್ಲುತ್ತವೆ. ಒಬ್ಬನನ್ನು ಹೆದರಿಸಬಹುದು, ಮೂವರು ನೆರೆಹೊರೆಯವರು ಒಟ್ಟಿಗೆ ಬಂದು ಕ್ಷೇಮ ವಿಚಾರಿಸಿದರೆ ಏನು ಮಾಡುವುದು?

ಎರಡನೆಯ ಜಂಟಿ ಕೋಣೆ ಆಚೆ ದಡದಲ್ಲಿ ತೆರೆಯಿತು. ಅಲ್ಲಿನ ಹೊಸಬರನ್ನು ತಯಾರು ಮಾಡಲು ಅತ್ತೆ ಹೋಗಬೇಕಾಯಿತು. ಮಾವನೂ ಜೊತೆಗೆ ಹೋದ. ಬೆಸುಗೆಗೆ ದೇಶವಿಲ್ಲ ಎನ್ನುವುದು ಅವನ ಸಿದ್ಧಾಂತ. ಮೊದಲ ತಿಂಗಳು ಅತ್ತೆಗೆ ಅಲ್ಲಿ ನಿದ್ದೆ ಸರಿಯಾಗಿ ಬರಲಿಲ್ಲವಂತೆ. ದಡ ಬದಲಾಗಿ ಸೂರ್ಯ ತಪ್ಪು ಕಿಟಕಿಯಲ್ಲಿ ಹುಟ್ಟುತ್ತಿದ್ದ. ಆಮೇಲೆ ಪಕ್ಕದ ಮನೆಯ ಮುದುಕಿಯೊಬ್ಬಳು ಸ್ನೇಹವಾದಳು. ಇಬ್ಬರೂ ಸಂಜೆ ಮೆಟ್ಟಿಲ ಮೇಲೆ ಕೂತು ತಂತಮ್ಮ ಸರಕಾರಗಳನ್ನು ಬೈಯುತ್ತಿದ್ದರು.

ಹೋದ ತಿಂಗಳು ನಾನು ನೋಡಲು ಹೋಗಿದ್ದೆ. ತೆಂಕಣದ ಇನ್ನೊಂದು ದೇಶವೂ ಒಪ್ಪಂದಕ್ಕೆ ಸೇರಿ ಕೋಣೆಯಲ್ಲಿ ನಾಲ್ಕನೆಯ ಮೇಜು ಬಂದಿತ್ತು. ಅದರ ಮುಂದೆ ಕೂತಿದ್ದ ಹುಡುಗಿ ಹಿಂದಿನ ದಿನ ತಾನೇ ಬಂದವಳು, ಮಾತಾಡಿದರೆ ಮೈಕಿಗೂ ಕೇಳಿಸುತ್ತಿರಲಿಲ್ಲ. ಫ್ಯಾನು ಹಾಕಬೇಕೋ ಬೇಡವೋ ಎಂದು ಆಗ ಕೋಣೆಯಲ್ಲಿ ಭಾರೀ ವಾದ ನಡೆದಿತ್ತು. ನಕಾಶೆ ಹಾರುತ್ತದೆ ಎಂದು ಒಬ್ಬರು, ಸೆಕೆ ಎಂದು ಇನ್ನೊಬ್ಬರು.

ಅಷ್ಟರಲ್ಲಿ ಹಡಗೊಂದು ಕರೆಯಿತು. ಎಲ್ಲರೂ ಅಭ್ಯಾಸಬಲದಿಂದ ಅತ್ತೆಯ ಕಡೆ ನೋಡಿದರು. ಅತ್ತೆ ಕೈಕಟ್ಟಿ ಕೂತೇ ಇದ್ದಳು, ಗಲ್ಲದಿಂದ ಹುಡುಗಿಯ ಕಡೆ ತೋರಿಸಿದಳು. ಹುಡುಗಿ ಎರಡು ಸಲ ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದಳು.

"ಹೇಳಿ" ಎಂದಳು. "ಕೇಳಿಸ್ತಿದೆ, ಹೇಳಿ."